ಮಣಿಕಟ್ಟಿಗೆ ಪೆಟ್ಟು ಬಿದ್ದಿದೆ, ಮನೆಯಲ್ಲೇ ‘ದಿತ್ ದಾ ಜಾವ್’ ಮಾಡಿ ಉಜ್ಜಬಹುದಾ?

ಅಂಗೈ ಊರಿ ಬಿದ್ದು ಎರಡು ದಿನ, ಹೆಬ್ಬೆರಳ ಕಡೆ ಮಣಿಕಟ್ಟು ಊದಿದೆ, ಆದರೂ ಮರಳಚೀಲಕ್ಕೆ ಗುದ್ದುವ ಅಭ್ಯಾಸ ಬಿಡುವಂತಿಲ್ಲ ಅಂತ ಬರೆದಿದ್ದೀರಿ. ಹಾಂಗ್‌ಕಾಂಗ್‌ನಲ್ಲಿ ಕುಂಗ್‌ಫು ಕಲಿಯುವಾಗ ನಾನೂ ಹೀಗೇ ಬಿದ್ದಿದ್ದೆ, ನೀವು ಕೇಳುತ್ತಿರುವುದನ್ನೇ ಮಾಡಿದ್ದೆ. ದಿತ್ ದಾ ಜಾವ್ ಎಂದರೆ ಮೂಲಿಕೆಗಳನ್ನು ಮದ್ಯದಲ್ಲಿ ನೆನೆಸಿ ಮಾಡುವ, ಪೆಟ್ಟಿಗೆ ಹೊರಗಿಂದ ಹಚ್ಚುವ ಚೀನೀ ಮದ್ದು. ಯಾವ ಮೂಲಿಕೆ, ಯಾವ ಮದ್ಯ ಎಂಬುದನ್ನು ಆಮೇಲೆ ಹೇಳುತ್ತೇನೆ. ಈಗ ಮಾತ್ರ ಏನನ್ನೂ ಉಜ್ಜಬೇಡಿ.

ಬಿದ್ದ ರಾತ್ರಿಯೇ ಜಾವ್ ಬಾಟಲಿಯನ್ನು ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿ, ಹೆಬ್ಬೆರಳಿಂದ ಒತ್ತಿ ಒತ್ತಿ ಇಪ್ಪತ್ತು ನಿಮಿಷ ತಿಕ್ಕಿದೆ. ಅದರಲ್ಲಿ ಕರ್ಪೂರ, ಮೆಂಥಾಲ್ ಎರಡೂ ಇದ್ದವು. ಚರ್ಮ ತಣ್ಣಗಾಯಿತು, ನೋವು ಮಂದವಾಯಿತು. ಬೆಳಿಗ್ಗೆ ಊತ ಇಮ್ಮಡಿಯಾಗಿತ್ತು. ‘ಕೆಟ್ಟ ರಕ್ತ ಹೊರಬರುತ್ತಿದೆ’ ಎಂದುಕೊಂಡು ಇನ್ನಷ್ಟು ತಿಕ್ಕಿದೆ. ನಾಲ್ಕನೇ ದಿನ ಚೀಲಕ್ಕೆ ಗುದ್ದಿದೆ. ಮೂರು ವಾರವಾದರೂ ಹಿಡಿತ ಬರದೆ ಎಕ್ಸ್‌ರೇ ತೆಗೆಸಿದಾಗ ಸ್ಕ್ಯಾಫಾಯ್ಡ್ ಮೂಳೆ ನಡುವೆ ಮುರಿದು, ತುಂಡುಗಳ ನಡುವೆ ಸಂದು ಬಿಟ್ಟಿತ್ತು. ಮೊದಲೇ ಪ್ಲಾಸ್ಟರ್ ಹಾಕಿದ್ದರೆ ಮುಗಿಯಬಹುದಾಗಿದ್ದ ಕೆಲಸಕ್ಕೆ ಸ್ಕ್ರೂ ಬೇಕಾಯಿತು.

ಈ ಮೂಳೆಯ ವಿಷಯ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಸ್ಕ್ಯಾಫಾಯ್ಡ್ ಹೆಬ್ಬೆರಳ ಬುಡದಲ್ಲಿರುವ, ಗೋಡಂಬಿಯಷ್ಟು ಚಿಕ್ಕ ಮೂಳೆ. ಅದಕ್ಕೆ ರಕ್ತ ಬರುವುದು ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ, ಅಲ್ಲಿಂದ ಹಿಮ್ಮುಖವಾಗಿ ಮೊಣಕೈ ಕಡೆಗೆ ಹರಿಯುತ್ತದೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ತಪ್ಪಿ ಅದು ಸಾಯಲೂಬಹುದು. ಕೈ ಸೊಟ್ಟಗಾಗುವುದಿಲ್ಲ, ಬೆರಳೆಲ್ಲ ಆಡುತ್ತವೆ, ಹಾಗಾಗಿ ಎಲ್ಲರೂ ಉಳುಕು ಅಂದುಕೊಳ್ಳುತ್ತಾರೆ. ಮೊದಲ ದಿನದ ಎಕ್ಸ್‌ರೇಯಲ್ಲೂ ಬಿರುಕು ಕಾಣದೇ ಇರಬಹುದು. ಅದಕ್ಕೇ ಅನುಮಾನವಿದ್ದರೆ ಕೈಯನ್ನು ಅಲುಗಾಡದಂತೆ ಕಟ್ಟಿ, 10ರಿಂದ 14 ದಿನ ಬಿಟ್ಟು ಮತ್ತೆ ತೆಗೆಯುತ್ತಾರೆ, ಇಲ್ಲವೇ ಎಂಆರ್‌ಐ ಮಾಡಿಸುತ್ತಾರೆ. ನಾನು ತಿಕ್ಕಿದ್ದರಿಂದ ಮೂಳೆ ಮುರಿಯಲಿಲ್ಲ. ಆದರೆ ಅಲುಗಾಡಬಾರದ ಮೂಳೆಯನ್ನು ದಿನಾ ಎರಡು ಹೊತ್ತು ಅಲುಗಾಡಿಸಿದೆ, ಎಚ್ಚರಿಸುತ್ತಿದ್ದ ನೋವನ್ನು ಮಂದ ಮಾಡಿದೆ, ಅದೇ ಕೈಯಲ್ಲಿ ಗುದ್ದಿದೆ.

ಹೆಬ್ಬೆರಳನ್ನು ಮೇಲಕ್ಕೆ ಸೆಟೆಸಿ. ಅದರ ಬುಡದಲ್ಲಿ ಎರಡು ನರದಂಥ ಗೆರೆಗಳ ನಡುವೆ ಒಂದು ಗುಳಿ ಬೀಳುತ್ತದೆ. ಅಲ್ಲಿ ಒತ್ತಿದರೆ ಚುಳ್ ಎನ್ನುತ್ತದಾ? ಹಾಗಿದ್ದರೆ ಇವತ್ತೇ ಮೂಳೆ ಡಾಕ್ಟರ ಹತ್ತಿರ ಹೋಗಿ. ಅಲ್ಲಿ ನೋವಿಲ್ಲದಿದ್ದರೂ, ನೀವು ಬಿದ್ದ ರೀತಿಗೆ ಎಕ್ಸ್‌ರೇ ಆಗಲೇಬೇಕು.

ಇದು ಪಾಶ್ಚಾತ್ಯ ವೈದ್ಯದ ಗೊಣಗಾಟ ಅಂದುಕೊಳ್ಳಬೇಡಿ. 1742ರಲ್ಲಿ ಚೀನಾದ ಚಿಂಗ್ ಅರಮನೆಯ ಆಜ್ಞೆಯಂತೆ ಸಿದ್ಧವಾದ ‘ಯೀಜೋಂಗ್ ಜಿನ್‌ಜಿಯಾನ್’ ಎಂಬ ವೈದ್ಯಗ್ರಂಥ ಮೂಳೆ ಕೂಡಿಸಲು ಎಂಟು ಕೈವಿಧಾನಗಳನ್ನು ಹೇಳುತ್ತದೆ. ಮೊದಲನೆಯದು ಮುಟ್ಟಿ ತಡವಿ, ಒಳಗೆ ಏನಾಗಿದೆಯೆಂದು ತಿಳಿಯುವುದು. ಉಜ್ಜುವುದು ಆರನೆಯದು. ನಾನು ಆರರಿಂದ ಶುರು ಮಾಡಿದ್ದೆ. ಊತ ಬಿಸಿಯಾಗಿರುವ ಮೊದಲ ದಿನಗಳಲ್ಲಿ ದಿತ್ ದಾ ವೈದ್ಯರೂ (ಪೆಟ್ಟು, ಮೂಳೆ ನೋಡುವ ಚೀನೀ ವೈದ್ಯರು) ರೇವಲ್ಚಿನ್ನಿಯಂಥ ತಂಪು ಮೂಲಿಕೆಗಳ ಲೇಪ ಹಚ್ಚುತ್ತಾರೆ. ಬೆಚ್ಚಗಿನ ಜಾವ್, ಒತ್ತಿ ನೀವುವುದು ಇವೆಲ್ಲ ಊತ ಇಳಿದ ಮೇಲೆ.

ಇನ್ನು ಜಾವ್. ದಿತ್ ಎಂದರೆ ಬೀಳುವುದು, ದಾ ಎಂದರೆ ಹೊಡೆತ, ಜಾವ್ ಎಂದರೆ ಮದ್ಯ. ಒಬ್ಬೊಬ್ಬ ಗುರುವಿನ ಮನೆಯಲ್ಲೂ ಒಂದೊಂದು ಪಾಕ. ಒಂದು ಲೀಟರಿಗೆ ನಾನು ಹಾಕುವುದು: ಕುಸುಬೆ ಹೂವಿನ ಎಸಳು (ವಿಜಯಪುರದ ಕಡೆ ಎಣ್ಣೆಗೆ ಬೆಳೆಯುತ್ತಾರಲ್ಲ, ಅದೇ ಗಿಡ), ದಾಂಗ್‌ಗ್ವೆಯ್ ಬೇರು, ಪತ್ತಂಗದ ಚಕ್ಕೆ, ಗುಸುಯ್‌ಬು, ಶೂದ್ವಾನ್ (ಇವೆರಡೂ ಚೀನೀ ಮೂಲಿಕೆಗಳು) ತಲಾ 15 ಗ್ರಾಂ, ರುಶಿಯಾಂಗ್ ಅಂಟು (ಫ್ರಾಂಕಿನ್ಸೆನ್ಸ್), ಬೋಳದ ಅಂಟು (ಮಿರ್), ರೇವಲ್ಚಿನ್ನಿ, ಗಾರ್ಡೀನಿಯಾ ಕಾಯಿ, ಪೀಚ್ ಬೀಜದ ತಿರುಳು ತಲಾ 10 ಗ್ರಾಂ. ಗುಸುಯ್‌ಬು ಎಂದರೆ ‘ನುಚ್ಚಾದ ಮೂಳೆಗೆ ತೇಪೆ’, ಶೂದ್ವಾನ್ ಎಂದರೆ ‘ಮುರಿದದ್ದನ್ನು ಮುಂದುವರಿಸು’. ಆ ಹೆಸರುಗಳೇ ನನ್ನನ್ನು ನಂಬಿಸಿದ್ದು. ಹೊರಗೆ ಹಚ್ಚಿದ ಮದ್ದು ಸಂದುಬಿಟ್ಟ ಮೂಳೆಯನ್ನು ಕೂಡಿಸುವುದಿಲ್ಲ.

ಪೂಜೆಯ ಸಾಂಬ್ರಾಣಿ ಬೇರೆ ಮರದ ಅಂಟು, ರುಶಿಯಾಂಗ್ ಬದಲು ಅದನ್ನು ಹಾಕಬೇಡಿ. ಅಂಟುಗಳನ್ನು ಎರಡು ಗಂಟೆ ಫ್ರೀಜರ್‌ನಲ್ಲಿಟ್ಟು ಕುಟ್ಟಿ, ಇಲ್ಲದಿದ್ದರೆ ಒರಳಿಗೇ ಮೆತ್ತಿಕೊಳ್ಳುತ್ತವೆ. ಬೇರುಗಳನ್ನು ತರಿಯಾಗಿ ಜಜ್ಜಿದರೆ ಸಾಕು, ನುಣ್ಣಗೆ ಪುಡಿ ಮಾಡಿದರೆ ಸೋಸಲು ಆಗುವುದಿಲ್ಲ. ಮದ್ಯ ಶೇಕಡಾ 45ರಿಂದ 50 ಇರಲಿ. ಅಂಟು ಕರಗಲು ಆಲ್ಕೋಹಾಲ್ ಬೇಕು, ಕುಸುಬೆಯ ಬಣ್ಣ ಬಿಡಲು ನೀರೂ ಬೇಕು. ನಮ್ಮಲ್ಲಿ ಸಿಗುವ ಶೇಕಡಾ 42.8ರ ವೋಡ್ಕಾ ನಡೆಯುತ್ತದೆ. 30ರ ಅಕ್ಕಿಮದ್ಯದಲ್ಲಿ ಅಂಟು ತಳದಲ್ಲಿ ಗಟ್ಟಿ ಕೂರುತ್ತದೆ. ಸರ್ಜಿಕಲ್ ಸ್ಪಿರಿಟ್ ಖಂಡಿತ ಬೇಡ. ಗಾಜಿನ ಭರಣಿಯಲ್ಲಿ, ಕತ್ತಲಲ್ಲಿ, ಮೊದಲ ವಾರ ದಿನಾ ಕುಲುಕುತ್ತಾ ಕನಿಷ್ಠ ಆರು ವಾರ ಇಡಿ. ಮೂರು ತಿಂಗಳಾದರೆ ಇನ್ನೂ ಒಳ್ಳೆಯದು.

ಹಳೆಯ ಪಾಕಗಳಲ್ಲಿ ‘ಚ್ವಾನ್ ವೂ’, ‘ಚಾವ್ ವೂ’ ಕಂಡರೆ ಬಿಟ್ಟುಬಿಡಿ. ಅವು ನಮ್ಮ ವತ್ಸನಾಭಿಯ ಬಳಗ, ಹೃದಯದ ಬಡಿತವನ್ನೇ ಕೆಡಿಸುವ ವಿಷ. ಹಾಂಗ್‌ಕಾಂಗ್‌ನಲ್ಲಿ ಹಸಿ ಬೇರನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಜಾವ್ ಕುಡಿದು ಜನ ಆಸ್ಪತ್ರೆ ಸೇರಿದ್ದೂ ಇದರಿಂದಲೇ. ನಿಮ್ಮ ಭರಣಿಯಲ್ಲಿ ಅದಿಲ್ಲದಿದ್ದರೂ ‘ಕುಡಿಯಬಾರದು’ ಎಂದು ದಪ್ಪಕ್ಷರದಲ್ಲಿ ಬರೆದಿಡಿ.

ಹಚ್ಚುವುದು ಅರ್ಧ ಚಮಚ, ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಬಾರಿ. ಗಾಯವಿಲ್ಲದ ಚರ್ಮಕ್ಕೆ ಮಾತ್ರ. ಬೋಳ, ರುಶಿಯಾಂಗ್ ಕೆಲವರಿಗೆ ಒಗ್ಗದೆ ಗುಳ್ಳೆ ಏಳುತ್ತವೆ, ಆದ್ದರಿಂದ ಮೊದಲು ಮೊಣಕೈ ಒಳಬದಿಗೆ ಒಂದು ಹನಿ ಹಚ್ಚಿ ಒಂದು ದಿನ ನೋಡಿ. ಬಸುರಿಯರು, ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಮುಟ್ಟಬಾರದು.

ಇವತ್ತು ಭರಣಿ ಕಟ್ಟಿದರೂ ನಿಮ್ಮ ಈ ಪೆಟ್ಟಿಗೆ ಅದು ಸಿಗುವುದಿಲ್ಲ, ಆರು ವಾರ ಇದೆಯಲ್ಲ. ಈಗ ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ ಇಡಿ, ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಜೋಳಿಗೆ ಕಟ್ಟಿಕೊಳ್ಳಿ, ಉಂಗುರ ಇದ್ದರೆ ಬೆರಳು ಊದುವ ಮೊದಲೇ ತೆಗೆದಿಡಿ, ಎಕ್ಸ್‌ರೇಗೆ ಹೊರಡಿ. ಮೊದಲನೆಯದರಲ್ಲಿ ಏನೂ ಕಾಣಲಿಲ್ಲ ಅಂದರೆ, ಎರಡನೆಯದು ಯಾವತ್ತು ಅಂತ ಅಲ್ಲೇ ಕೇಳಿ ಬನ್ನಿ.