ಪರದೇಶದ ಸರ್ಕಾರದ ಮೇಲೆ ಸಿಟ್ಟಾಗುವ ಹಕ್ಕು ನಮಗಿದೆಯೇ?

ಐರ್ಲೆಂಡಿನ ಡಬ್ಲಿನ್‌ನಲ್ಲಿ ನರ್ಸ್ ಆಗಿರುವ ನೀವು, ಬಾಡಿಗೆ ಕಟ್ಟಿದ ಮೇಲೆ ಕೈಯಲ್ಲಿ ಏನೂ ಉಳಿಯುತ್ತಿಲ್ಲವೆಂದೂ ಮಂತ್ರಿಗಳ ಮಾತು ಕೇಳಿದರೆ ಮೈ ಉರಿಯುತ್ತದೆಂದೂ ಬರೆದಿದ್ದೀರಿ. ಆದರೂ ಹೊರಗಿನಿಂದ ಬಂದ ಅತಿಥಿಗಳು ಬಾಯಿ ಮುಚ್ಚಿಕೊಂಡಿರುವುದೇ ಮರ್ಯಾದೆಯಲ್ಲವೇ, ಇಲ್ಲವಾದರೆ ಆಸ್ಟ್ರೇಲಿಯಾಕ್ಕೆ ಹೊರಡಲೇ ಎಂದು ಕೇಳಿದ್ದೀರಿ. 2008ರಲ್ಲಿ ನಾನೂ ಅದೇ ಊರಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿದ್ದೆ; ಪುತ್ತೂರು ಬಿಟ್ಟು ನಾಲ್ಕು ವರ್ಷವಾಗಿತ್ತು.

ಆ ವರ್ಷ ಸೆಪ್ಟೆಂಬರ್ 29ರ ರಾತ್ರಿ ಪ್ರಧಾನಿ ಬ್ರಯಾನ್ ಕೋವನ್, ಹಣಕಾಸು ಮಂತ್ರಿ ಬ್ರಯಾನ್ ಲೆನಿಹನ್ ಮತ್ತು ಅಧಿಕಾರಿಗಳು ಬ್ಯಾಂಕುಗಳ ಮುಖ್ಯಸ್ಥರೊಂದಿಗೆ ಕುಳಿತು, ಬೆಳಗಾಗುವಷ್ಟರಲ್ಲಿ ದೇಶದ ಮುಳುಗುತ್ತಿದ್ದ ಬ್ಯಾಂಕುಗಳ ಸುಮಾರು 440 ಶತಕೋಟಿ ಯೂರೋ ಹೊಣೆಗೆ ಸರ್ಕಾರವೇ ಜಾಮೀನು ಎಂದು ಸಾರಿದರು. ಇದು ಜಗತ್ತಿನಲ್ಲೇ ಅತಿ ಅಗ್ಗದ ರಕ್ಷಣೆ ಎಂಬರ್ಥದ ಮಾತನ್ನು ಲೆನಿಹನ್ ಅದೇ ಅಕ್ಟೋಬರಿನಲ್ಲಿ ಆಡಿದರು. ನಾನು ಅದನ್ನು ನಂಬಿ, ಊರಿನಲ್ಲಿ ಮನೆ ಕಟ್ಟಲೆಂದು ಕೂಡಿಟ್ಟಿದ್ದ 8,000 ಯೂರೋವನ್ನು ಒಂದು ಬ್ಯಾಂಕಿನ ಷೇರಿಗೆ ಹಾಕಿದೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಸರ್ಕಾರ ಜಾಮೀನು ನಿಂತದ್ದು ಬ್ಯಾಂಕಿನಲ್ಲಿ ಹಣ ಇಟ್ಟವರಿಗೆ ಮತ್ತು ಬ್ಯಾಂಕಿಗೆ ಸಾಲ ಕೊಟ್ಟವರಿಗೆ, ಅಂದರೆ ಠೇವಣಿದಾರರಿಗೆ ಮತ್ತು ಬಾಂಡ್ ಕೊಂಡವರಿಗೆ. ಷೇರು ಕೊಂಡವನು ಸಾಲ ಕೊಟ್ಟವನಲ್ಲ, ಮಾಲೀಕ. ಬ್ಯಾಂಕಿಗೆ ಪೆಟ್ಟು ಬಿದ್ದರೆ ಮೊದಲು ಕರಗುವುದು ಮಾಲೀಕನ ಪಾಲು. ಸರ್ಕಾರ ಹೊಸ ಬಂಡವಾಳ ಸುರಿದು ತಾನೇ ಪಾಲು ಪಡೆದರಂತೂ ಹಳೆಯ ಪಾಲುದಾರನಿಗೆ ಉಳಿಯುವುದು ತಳದ ಗಸಿ. ನಾನು ಅದೇ ಹಣವನ್ನು ಅದೇ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಇಟ್ಟಿದ್ದರೆ ಒಂದು ಸೆಂಟ್ ಕೂಡ ಹೋಗುತ್ತಿರಲಿಲ್ಲ. ಬ್ಯಾಂಕ್ ಮುಳುಗುವುದಿಲ್ಲ ಎಂದು ಮಂತ್ರಿ ಹೇಳಿದ್ದನ್ನು ಷೇರಿನ ಬೆಲೆ ಬೀಳುವುದಿಲ್ಲ ಎಂದು ಕೇಳಿಸಿಕೊಂಡ ಕಿವಿ ನನ್ನದೇ. ಜನವರಿ 2009ರಲ್ಲಿ ಆಂಗ್ಲೋ ಐರಿಷ್ ಬ್ಯಾಂಕನ್ನು ರಾಷ್ಟ್ರೀಕರಣ ಮಾಡಿದರು. ನನ್ನದು ಬೇರೆ ಬ್ಯಾಂಕ್; ಆದರೂ ಮಾರ್ಚ್ ಹೊತ್ತಿಗೆ ನನ್ನ 8,000ದಲ್ಲಿ 800 ಕೂಡ ಉಳಿದಿರಲಿಲ್ಲ.

ಹಣ ಹೋದದ್ದಕ್ಕಿಂತ ಹೆಚ್ಚು ಹಾನಿ ಮಾಡಿದ್ದು ನಾಚಿಕೆ. ಊರಿಗೂ ಹೇಳಲಿಲ್ಲ, ವಾರ್ಡಿನಲ್ಲೂ ಬಾಯಿ ಬಿಡಲಿಲ್ಲ. 70 ದಾಟಿದವರಿಗೆಲ್ಲ ಸಿಗುತ್ತಿದ್ದ ಉಚಿತ ವೈದ್ಯಕೀಯ ಕಾರ್ಡನ್ನು 2008ರ ಅಕ್ಟೋಬರ್ ಬಜೆಟ್ ಕಿತ್ತುಕೊಳ್ಳಹೊರಟಾಗ, ಊರುಗೋಲು ಹಿಡಿದ ಸಾವಿರಾರು ಮುದುಕರು ಸಂಸತ್ ಭವನದ ಮುಂದೆ ನಿಂತರು, ಮತ್ತು ಸರ್ಕಾರ ಆದಾಯದ ಮಿತಿಯನ್ನು ಎಷ್ಟೋ ಮೇಲಕ್ಕೇರಿಸಿ ಹೆಚ್ಚಿನವರಿಗೆ ಕಾರ್ಡು ಉಳಿಸಬೇಕಾಯಿತು. ಅವರಲ್ಲಿ ಒಬ್ಬರು ನಮ್ಮ ಹಳೆಯ ರೋಗಿ. ಮುಂದಿನ ವಾರ ಬಿ.ಪಿ. ನೋಡಿಸಿಕೊಳ್ಳಲು ಬಂದವರು ತೋಳಿಗೆ ಪಟ್ಟಿ ಸುತ್ತುತ್ತಿದ್ದ ನನ್ನನ್ನೇ, "ನೀನು ಬಂದಿದ್ದೆಯಾ?" ಎಂದು ಕೇಳಿದರು. ನಾನು ಇಲ್ಲಿಯವಳಲ್ಲ ಎಂದೆ. ಅವರು ಅರ್ಥವಾಗದವರಂತೆ ನೋಡಿದರು.

2009ರ ಮಾರ್ಚ್‌ನಿಂದ ಸರ್ಕಾರಿ ನೌಕರರ ಸಂಬಳದಲ್ಲಿ ಪಿಂಚಣಿ ಲೆವಿ ಎಂಬ ಹೊಸ ಕಡಿತ ಶುರುವಾಯಿತು. ಇಲ್ಲಿ ಪಿಂಚಣಿ ತೆಗೆದುಕೊಳ್ಳುವವರೆಗೆ ಇರುತ್ತೇನೋ ಇಲ್ಲವೋ ತಿಳಿಯದ ನನ್ನಿಂದಲೂ ಕಡಿದರು. ಅದಕ್ಕೆ ಮೊದಲೇ, ಫೆಬ್ರವರಿ 21ರಂದು, ಒಂದು ಲಕ್ಷಕ್ಕೂ ಹೆಚ್ಚು ಜನ ಡಬ್ಲಿನ್‌ನಲ್ಲಿ ಮೆರವಣಿಗೆ ಹೋಗಿದ್ದರು. ನಮ್ಮ ವಾರ್ಡಿನ ಐವರೂ ಹೋದರು, ನಾನು ಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡಿದೆ. ಜೂನ್ 5ರಂದು ಸ್ಥಳೀಯ ಸಂಸ್ಥೆಗಳ ಚುನಾವಣೆ ಇತ್ತು. ಮತದಾರರ ಪಟ್ಟಿಯ ಅರ್ಜಿ ಬಾಗಿಲ ಸಂದಿಯಿಂದ ಒಳಗೆ ಬಿದ್ದಿತ್ತು. ಅದರ ಬೆನ್ನಿಗೆ ಕುಚ್ಚಲಕ್ಕಿ, ತೆಂಗಿನೆಣ್ಣೆ, ಒಣಮೆಣಸು ಎಂದು ಚೀಟಿ ಬರೆದುಕೊಂಡು ಮಲಯಾಳಿ ಅಂಗಡಿಗೆ ಹೋಗಿದ್ದೆ. ಐರ್ಲೆಂಡಿನಲ್ಲಿ ಸ್ಥಳೀಯ ಚುನಾವಣೆಗೆ ಪೌರತ್ವ ಬೇಕಿಲ್ಲ, ವಾಸವಿದ್ದರೆ ಸಾಕು ಎಂಬುದು ನನಗೆ ಗೊತ್ತಾದದ್ದು ಆಳುವ ಫಿಯನ್ನಾ ಫಾಯ್ಲ್ ಪಕ್ಷ ಆ ಚುನಾವಣೆಯಲ್ಲಿ ಮುಗ್ಗರಿಸಿದ ಸುದ್ದಿ ಓದಿದಾಗ.

ನವೆಂಬರ್ 2010ರಲ್ಲಿ ಮಂತ್ರಿಗಳು ಹೊರಗಿನ ಸಾಲದ ಮಾತೇ ಇಲ್ಲವೆನ್ನುತ್ತಿದ್ದರು. 18ರ ಬೆಳಿಗ್ಗೆ ಕೇಂದ್ರ ಬ್ಯಾಂಕಿನ ಗವರ್ನರ್ ಪ್ಯಾಟ್ರಿಕ್ ಹೊನೊಹನ್ ರೇಡಿಯೋಗೆ ಫೋನ್ ಮಾಡಿ, ಸಾವಿರಾರು ಕೋಟಿ ಯೂರೋ ಸಾಲ ಬರಲಿದೆ ಎಂದುಬಿಟ್ಟರು. ಕೊನೆಗೆ ಆದ ಒಪ್ಪಂದ 85 ಶತಕೋಟಿಯದು. ಜನರ ಸಿಟ್ಟು ಬಡತನದ್ದಷ್ಟೇ ಎಂದು ಬರೆಯುವವರನ್ನು ಕಂಡರೆ ನನಗೆ ಬೇಸರ. ನಮ್ಮ ವಾರ್ಡಿನಲ್ಲಿ ಅಂದು ಎಲ್ಲರೂ ಆಡಿದ್ದು, ನಮಗೆ ಮೊದಲೇ ಹೇಳಲಿಲ್ಲವಲ್ಲ ಎಂಬ ಒಂದೇ ಮಾತು. 2011ರ ಫೆಬ್ರವರಿಯ ಸಂಸತ್ ಚುನಾವಣೆಯಲ್ಲಿ, 70ಕ್ಕೂ ಹೆಚ್ಚು ಸ್ಥಾನವಿದ್ದ ಫಿಯನ್ನಾ ಫಾಯ್ಲ್ 20ಕ್ಕೆ ಇಳಿಯಿತು. ಅದರಲ್ಲಿ ನನಗೆ ಮತವಿರಲಿಲ್ಲ. ಇದ್ದದ್ದನ್ನು ಅಕ್ಕಿಯ ಚೀಟಿ ಮಾಡಿಕೊಂಡಿದ್ದೆ.

ಆದ್ದರಿಂದ ಅತಿಥಿ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಅತಿಥಿಯ ಸಂಬಳದಿಂದ ಯಾರೂ ತೆರಿಗೆ ಹಿಡಿಯುವುದಿಲ್ಲ. ಯೂನಿಯನ್ ಸೇರಿ, ನಿಮ್ಮ ವಿಳಾಸವನ್ನು ಮತದಾರರ ಪಟ್ಟಿಗೆ ಹಾಕಿಸಿ, ಮನೆಯ ಕೊರತೆಯ ಬಗ್ಗೆ ನಿಮ್ಮ ಕೌನ್ಸಿಲರಿಗೆ ಪತ್ರ ಬರೆಯಿರಿ. ಮಂತ್ರಿ ಯಾವುದಾದರೂ ಯೋಜನೆ ಸಾರಿದರೆ ಅದು ಯಾರಿಗೆ ಅನ್ವಯಿಸುವುದಿಲ್ಲ ಎಂಬ ಭಾಗವನ್ನು ಮೊದಲು ಓದಿ. ಆಸ್ಟ್ರೇಲಿಯಾದ ವಿಷಯ ನನ್ನನ್ನು ಕೇಳಬೇಡಿ. ಅಲ್ಲಿಗೆ ಹೋದ ನನ್ನ ಗೆಳತಿಯೂ ಬಾಡಿಗೆಯ ಮಾತನ್ನೇ ಆಡುತ್ತಾಳೆ.