ಡಾಫ್ನಿಯಾ ಎದೆಬಡಿತ: ಮೊದಲು ದೀಪದ ಬಿಸಿ ನೋಡಿ

ಡಾಫ್ನಿಯಾ ಅಂದರೆ ನೀರಿನಲ್ಲಿರುವ ಪುಟ್ಟ ಜೀವಿ. ಕೆಫೀನ್ ಹಾಕಿದರೆ ಅದರ ಎದೆಬಡಿತ ಹೇಗೆ ಬದಲಾಗುತ್ತದೆ ಅಂತ ನೋಡುವ ಪ್ರಯೋಗದಲ್ಲಿ, ಕೆಫೀನ್ ಹಾಕದ ಡಾಫ್ನಿಯಾದ ಎದೆಬಡಿತವೂ ಹತ್ತು ನಿಮಿಷದಲ್ಲಿ ಏರಿತು, ಯಾಕೆ ಅಂತ ಕೇಳಿದ್ದೀರಿ. ನನಗೆ ಅನುಮಾನ ಇರುವುದು ಮೈಕ್ರೋಸ್ಕೋಪಿನ ದೀಪದ ಮೇಲೆ. ಡಾಫ್ನಿಯಾ ಶೀತರಕ್ತದ ಜೀವಿ, ಸ್ಲೈಡಿನ ಮೇಲಿನ ಒಂದು ಹನಿ ನೀರು ಬೇಗ ಬಿಸಿಯಾಗುತ್ತದೆ, ನೀರು ಬಿಸಿಯಾದಂತೆ ಹೃದಯವೂ ಜೋರಾಗಿ ಬಡಿಯುತ್ತದೆ, ಆಗ ನೀವು ಅಳೆಯುತ್ತಿರುವುದು ಕೆಫೀನನ್ನೋ ಬಿಸಿಯನ್ನೋ ಗೊತ್ತಾಗುವುದಿಲ್ಲ ಅಲ್ವಾ? ಎಣಿಸುವಾಗ ಮಾತ್ರ ದೀಪ ಹಚ್ಚಿ. ಎಲ್‌ಇಡಿ ಇದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು ವಿಷಯ, ಬರೀ ಕಣ್ಣಲ್ಲಿ ನೋಡಿ ಎಣಿಸಬೇಡಿ. ನಿಮಿಷಕ್ಕೆ 200, 300 ಸಲ ಬಡಿಯುವ ಹೃದಯ ಅದು, ಲೆಕ್ಕ ಖಂಡಿತ ತಪ್ಪುತ್ತದೆ. ಐಪೀಸ್‌ಗೆ ಫೋನ್ ಹಿಡಿದು 10 ಸೆಕೆಂಡು ಸ್ಲೋ ಮೋಷನ್ ವಿಡಿಯೋ ಮಾಡಿ, ಆಮೇಲೆ ನಿಧಾನಕ್ಕೆ ಎಣಿಸಿ 6ರಿಂದ ಗುಣಿಸಿ. ಹೃದಯ ಬೆನ್ನಿನ ಕಡೆ, ಮೊಟ್ಟೆಚೀಲಕ್ಕಿಂತ ಸ್ವಲ್ಪ ಮುಂದೆ ಇರುತ್ತದೆ. ಹೊಟ್ಟೆಯ ಕಡೆ ಪಟಪಟ ಅಲ್ಲಾಡುವುದು ಕಾಲುಗಳು, ಅದನ್ನೇ ಹೃದಯ ಅಂದುಕೊಳ್ಳುವವರು ತುಂಬಾ ಜನ.

ಕಾಫಿ ಬಳಸಬೇಡಿ, ಅದರಲ್ಲಿ ಬೇರೆ ಪದಾರ್ಥಗಳೂ ಇವೆ. ಶುದ್ಧ ಕೆಫೀನನ್ನು ಡಾಫ್ನಿಯಾಗಳು ಬೆಳೆದ ನೀರಲ್ಲೇ ಕರಗಿಸಿ. ಒಂದೇ ಪ್ರಾಣಿಯ ಎದೆಬಡಿತವನ್ನು ಕೆಫೀನ್ ಹಾಕುವ ಮುಂಚೆ, ಹಾಕಿದ ಮೇಲೆ ಎರಡೂ ಸಲ ಎಣಿಸಿ, ಹೋಲಿಸಿ ನೋಡಲು ಇನ್ನೊಂದು ಗುಂಪಿಗೆ ಸುಮ್ನೆ ಕೆಫೀನ್ ಇಲ್ಲದ ಅದೇ ನೀರನ್ನು ಬದಲಿಸಿ. ಜಾಸ್ತಿ ಕೆಫೀನ್ ಹಾಕಿದರೆ ಪಾಪ ಸತ್ತೇ ಹೋಗುತ್ತವೆ, ಕಡಿಮೆಯಿಂದ ಶುರು ಮಾಡಿ. ಎಣಿಕೆ ಮುಗಿದ ತಕ್ಷಣ ತಾಜಾ ನೀರಿಗೆ ಬಿಡಿ.