ಬೆಕ್ಕಿಗೆ ವಾರಕ್ಕೊಮ್ಮೆ ಸ್ನಾನ ಬೇಕಾ?

ಎರಡು ವರ್ಷದ ನಾಟಿ ಬೆಕ್ಕಿಗೆ ವಾರಕ್ಕೊಮ್ಮೆ ಡೆಟಾಲ್ ನೀರಲ್ಲಿ ಸ್ನಾನ ಮಾಡಿಸಬಹುದಾ ಅಂತ ಕೇಳಿದ್ದೀರಿ. ಮೊದಲು ಡೆಟಾಲ್ ವಿಷಯ: ದಯವಿಟ್ಟು ಬೇಡ. ಅದರಲ್ಲಿ ಫೀನಾಲ್ ಜಾತಿಯ ರಾಸಾಯನಿಕ ಇರುತ್ತದೆ. ಬೆಕ್ಕಿನ ಲಿವರ್ ಅದನ್ನು ಸರಿಯಾಗಿ ಹೊರಹಾಕಲಾರದು. ಸ್ನಾನ ಆದ ಮೇಲೆ ಬೆಕ್ಕು ಮೈಯೆಲ್ಲ ನೆಕ್ಕಿಕೊಳ್ಳುತ್ತದೆ, ಅಲ್ವಾ? ಮೈಮೇಲೆ ಉಳಿದದ್ದೆಲ್ಲ ಹೊಟ್ಟೆಗೇ ಹೋಗುತ್ತದೆ. ನಾಯಿಗೆಂದು ಮಾಡಿದ ಚಿಗಟದ ಔಷಧಿಯನ್ನೂ ಹಚ್ಚಬೇಡಿ. ಅದರಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇದ್ದರೆ ಬೆಕ್ಕಿಗೆ ನಡುಕ, ಫಿಟ್ಸ್ ಬಂದು ಜೀವವೇ ಹೋಗಬಹುದು.

ಇನ್ನು ಸ್ನಾನ. ಆರೋಗ್ಯವಾಗಿರುವ, ಗಿಡ್ಡ ಕೂದಲಿನ ಬೆಕ್ಕಿಗೆ ಅದು ಬೇಕಾಗುವುದೇ ಅಪರೂಪ. ಆಗಾಗ ಕೂದಲು ಬಾಚಿದರೆ ಸಾಕು. ಸುಮ್ನೆ ವಾರವಾರ ನೆನೆಸಿದರೆ ಚರ್ಮ ಒಣಗುತ್ತದೆ, ಅದಕ್ಕೆ ಹೆದರಿಕೆಯೂ ಜಾಸ್ತಿ.

ಗಾಡಿ ಕೆಳಗೆ ನುಗ್ಗಿ ಆಯಿಲ್ ಮೆತ್ತಿಕೊಂಡರೆ, ಭೇದಿಯಾಗಿ ಹಿಂಭಾಗ ಗಲೀಜಾದರೆ ತೊಳೆಯಲೇಬೇಕು. ಆಗ ಬೇಸಿನ್ ತಳಕ್ಕೆ ಹಳೆ ಟವೆಲ್ ಹಾಸಿ, ಕಾಲು ಜಾರಬಾರದು. ಉಗುರುಬೆಚ್ಚಗಿನ ನೀರು ಮೊದಲೇ ತುಂಬಿಸಿಡಿ, ನಲ್ಲಿಯ ಸದ್ದಿಗೇ ಅರ್ಧ ಗಾಬರಿ. ಕತ್ತಿನಿಂದ ಕೆಳಗೆ ಚೊಂಬಿನಲ್ಲಿ ಮೆಲ್ಲಗೆ ಹೊಯ್ಯಿರಿ. ಮುಖಕ್ಕೆ ಒದ್ದೆ ಬಟ್ಟೆ ಸಾಕು, ಕಿವಿಗೆ ನೀರು ಬೇಡ. ಶಾಂಪೂ ಬೆಕ್ಕಿನದ್ದೇ ಇರಲಿ. ಚೆನ್ನಾಗಿ ಒರೆಸಿ ಬಿಸಿಲಿಗೆ ಬಿಡಿ.

ನಿಮ್ಮ ಬೆಕ್ಕು ಈಚೆಗೆ ತಾನೇ ನೆಕ್ಕಿಕೊಳ್ಳುವುದನ್ನು ಬಿಟ್ಟಿದ್ದರೆ ಸ್ನಾನದ ಯೋಚನೆ ಬಿಟ್ಟು ಡಾಕ್ಟರ್ ಹತ್ತಿರ ಕರೆದೊಯ್ಯಿರಿ. ಬಾಯಿ ನೋವೋ ಜ್ವರವೋ ಇರಬಹುದು.